ಎಡಗೈ ಕತ್ತರಿ

'ನನ್ನ ಪ್ರತಿಬಿಂಬಕ್ಕೂ ನನ್ನಷ್ಟೇ ನಾಚಿಕೆಯಿದ್ದರೆ ಗತಿಯೇನು?' ಎಂದು ಚಿನ್ಮಯಿ ಡೈರಿಯಲ್ಲಿ ಬರೆದುಕೊಂಡಳು. ಹುಬ್ಬಳ್ಳಿಯ ಆ ಹೋಟೆಲಿನಲ್ಲಿ ಇಳಿದವರೆಲ್ಲ ಮೀಟಿಂಗಿಗೆ ತಂತಮ್ಮ ಕನ್ನಡಿಯವರನ್ನು ಕಳಿಸಿ, ತಾವು ಹಾಯಾಗಿ ತಿಂಡಿಗೆ ಕೂರುತ್ತಿದ್ದರು. ಇವಳೂ ಕನ್ನಡಿಯ ಮುಂದೆ ನಿಂತು ತನ್ನ ಪ್ರತಿಬಿಂಬವನ್ನು ಕರೆದಳು.

ಕನ್ನಡಿಯವಳು ನೆರಿಗೆ ಸರಿಮಾಡಿಕೊಳ್ಳುತ್ತ ಇಳಿದು ಬಂದಳು. "ಕೊಡೇ ಇಲ್ಲಿ. ಟೈಲರುಗಳ ಮುಂದೆ ನಾನು ಮಾತಾಡ್ತೀನಿ."

ಎಡಚಿಯಾದ ಚಿನ್ಮಯಿ ಎಡಚರಿಗೆಂದೇ ಎರಡು ವರ್ಷ ಕೂತು ಮಾಡಿದ ಕತ್ತರಿಯದು. ಕನ್ನಡಿಯವಳಲ್ಲವೇ, ಬಲಗೈಯಲ್ಲಿ ಹಿಡಿದಳು. ಕತ್ತರಿಸಿ ತೋರಿಸಲೆಂದು ತಂದಿದ್ದ ಬಟ್ಟೆ ತುಂಡಾಗದೆ ಮಡಚಿಕೊಂಡಿತು.

"ಕೆಟ್ಟುಹೋಗಿದೆ ಕಣೇ ಇದು."

ಚಿನ್ಮಯಿ ಕಿತ್ತುಕೊಂಡು ಎಡಗೈಯಲ್ಲಿ ಹಿಡಿದಳು. ಬಟ್ಟೆ ಸರ್ರನೆ ಎರಡಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಫೋನು ಬಂತು. "ಮೇಡಂ, ಆಟೋ ಬಂದೈತ್ರಿ. ಕನ್ನಡಿಯವ್ರನ್ನ ಕಳಸ್ರಿ."

"ಕತ್ತರಿ ಮಾಡಿದವಳು ನಾನು," ಎಂದಳು ಚಿನ್ಮಯಿ. "ನಾನೇ ಬರ್ತೀನಿ."