ಓಣಿಯ ಬೂತಿನ ಒಂದು ಮತ

“ನಮ್ಮ ಓಣಿ ಬೂತಿನ್ಯಾಗ ಎಷ್ಟ?” ಶೇವಂತಿ ಕೇಳಿದಳು.

ಎಣಿಕೆ ಕೇಂದ್ರದಲ್ಲಿ ಬೆಳಗಿನಿಂದ ಶೇವಂತಿಯ ಏಜೆಂಟಾಗಿ ಕೂತು ಬಂದ ಹುಡುಗಿ ಪೂನಮ್. ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದಳು.

“ಒಂದ, ಅಕ್ಕಾ.”

“ಒಂದ ನೂರಾ?”

“ಒಂದ.”

ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು. ಬನಹಟ್ಟಿಯ ಆ ಮನೆಯಲ್ಲಿ ನಡುಮನೆಗೂ ಶೆಡ್ಡಿಗೂ ಒಂದೇ ಗೋಡೆ. ಸೋತದ್ದು, ಠೇವಣಿ ಹೋದದ್ದು ಶೇವಂತಿಗೆ ಮಧ್ಯಾಹ್ನವೇ ತಿಳಿದಿತ್ತು. ಕಬ್ಬು, ನೂಲು ಎರಡರಲ್ಲೂ ಕೈಯಿದ್ದ ಸಾಹುಕಾರರ ಎದುರು ಪಕ್ಷೇತರಳಾಗಿ ನಿಂತವಳು ಗೆಲುವಿನ ಕನಸು ಕಂಡಿರಲಿಲ್ಲ. ಆದರೆ ಈ ಬೂತಿನಲ್ಲಿ ಅವಳ ಮನೆಯಿತ್ತು. ಮನೆಯಲ್ಲಿ ಮೂವರು ಮತದಾರರಿದ್ದರು.

“ಅದೂ ನಿಮ್ಮದ ಆತಲ್ಲಕ್ಕಾ,” ಪೂನಮ್ ಕಣ್ಣೊರೆಸಿಕೊಂಡಳು. “ಮನ್ಯಾಗಿನವರೂ ಹಾಕಲಿಲ್ಲಂದ್ರ...”

ಶೇವಂತಿ ಅವಳಿಗೆ ಚಹಾ ಕುಡಿಸಿ ಕಳಿಸಿದಳು.

ಶೇವಂತಿಯ ತಾಯಿ ರಬಕವಿಯಲ್ಲಿ ಪರರ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದವಳು. ಲಾಳಿಗೆ ನೂಲು ತುಂಬಿಕೊಡುವ ಕೂಲಿ. ಕೆಮ್ಮುತ್ತ ಸುತ್ತಿದಳು, ಬಸುರಿಯಾಗಿ ಸುತ್ತಿದಳು. ಸತ್ತಾಗಲೂ ಅವಳ ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಶೇವಂತಿ ಬಿ.ಎ. ಮುಗಿಸಿದಳು, ಮಗ್ಗದ ಮಾಲೀಕರ ಮನೆಗೆ ಸೊಸೆಯಾಗಿ ಬಂದಳು, ಕೂಲಿ ಹೆಂಗಸರ ಸಂಘವನ್ನು ಮಾತ್ರ ಬಿಡಲಿಲ್ಲ. ಆ ಸಂಘವೇ ಅವಳನ್ನು ವಿಧಾನಸಭೆಗೆ ನಿಲ್ಲಿಸಿತ್ತು. ಊರೂರಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. ಹೆರಿಗೆಗೆ ಪಗಾರದ ರಜೆ ಬೇಕು, ಕೆಮ್ಮಿಗೆ ಮಾಲೀಕನ ಖರ್ಚಿನಲ್ಲಿ ಔಷಧ ಬೇಕು, ಶೆಡ್ಡಿಗೊಂದು ಪಾಯಖಾನೆ ಬೇಕು. ಕೊಡದ ಶೆಡ್ಡಿಗೆ ಬೀಗ ಬೀಳಬೇಕು.

ಚಿಮ್ಮಡದ ಸಭೆಯಲ್ಲಿ ಒಬ್ಬಳು ಎದ್ದು ನಿಂತಿದ್ದಳು. “ಅಕ್ಕಾರ, ನಿಮ್ಮ ಶೆಡ್ಡಿನ್ಯಾಗ ಕೊಡ್ತೀರೇನ್ರಿ?”

ಹೆಂಗಸರೆಲ್ಲ ನಕ್ಕಿದ್ದರು. “ಕಾಯ್ದೆ ಬಂದ್ರ ಎಲ್ಲಾರೂ ಕೊಡಬೇಕಾಕ್ಕೈತಿ,” ಎಂದಿದ್ದಳು ಶೇವಂತಿ. ಅಂದು ಮನೆಗೆ ಬಂದು ಊಟ ಮಾಡಿರಲಿಲ್ಲ.

ಅತ್ತೆ ದಾನಮ್ಮ ಪ್ರಚಾರದುದ್ದಕ್ಕೂ ಚುಚ್ಚಿದ್ದಳು. “ಬಂದ್ಳು ನೋಡ್ರಿ ನಮ್ಮ ಮಂತ್ರಿ! ಇನ್ನ ರೊಟ್ಟಿ ಬಡಿಯಾಕ ಪೊಲೀಸ್ರನ್ನ ಕಳಸ್ತಾಳ.” ಒಮ್ಮೆ ಮಾತ್ರ, ಶೇವಂತಿ ಭಾಷಣ ಬರೆಯುತ್ತಿದ್ದಾಗ, ಬಾಗಿಲಲ್ಲಿ ಬಂದು ನಿಂತಿದ್ದಳು.

“ಬಸರಿದ್ದಾಗ ಮನ್ಯಾಗ ಕುಂತ್ರೂ ಪಗಾರ ಕೊಡ್ತಾರ?”

“ಹೂಂ ರೀ ಅತ್ತಿ.”

“ಕೂಸು ಉಳೀಲಿಲ್ಲಂದ್ರೂ?”

“ಕೊಡ್ತಾರ್ರಿ.”

ದಾನಮ್ಮ ಒಳಗೆ ಹೋಗಿದ್ದಳು.

ಮತದಾನದ ದಿನ ಮೂವರೂ ಒಟ್ಟಿಗೇ ಹೋಗಿದ್ದರು. ಯಂತ್ರವಿಟ್ಟ ಮರೆಯ ಹಿಂದೆ ಶೇವಂತಿ ಎಷ್ಟು ಹೊತ್ತು ನಿಂತಳೆಂದರೆ, ಅಧಿಕಾರಿ ಕೂಗಿ ಕೇಳಿದ್ದ: “ಅಕ್ಕಾರ, ನಿಮ್ಮ ಹೆಸರ ನಿಮಗ ಸಿಗವಲ್ತೇನ್ರಿ?” ಸಾಲಿನಲ್ಲಿದ್ದವರು ನಕ್ಕಿದ್ದರು.

ಎಣಿಕೆಯ ದಿನ ಸಂಜೆ ಗಂಡ ದುಂಡೇಶ ಊಟಕ್ಕೆ ಕೂತ. ಬೂತಿನ ಸುದ್ದಿ ಆಗಲೇ ಓಣಿ ತುಂಬ ಹಬ್ಬಿತ್ತು. ಶೇವಂತಿ ರೊಟ್ಟಿ ಹಾಕಿ ಎದುರೇ ನಿಂತಳು.

“ಯಾರಿಗೆ ಒತ್ತಿದ್ರಿ?”

“ನನ್ನ ಮಗ್ಗಕ್ಕ ಒತ್ತೀನಿ,” ಅವನು ತಲೆ ಎತ್ತಲಿಲ್ಲ. “ನಿನ್ನ ಕಾಯ್ದೆ ಬಂದ್ರ ಮೊದಲ ಬೀಗ ಬೀಳೂದು ನಮಗ. ಸಾಹುಕಾರ್ರಿಗೆ ಹಾಕೀನಿ. ಬೇಕಾದ್ರ ಹೊಡಿ.”

ಅವಳಿಗೆ ಸಿಟ್ಟು ಬರಲಿಲ್ಲ. ಅತ್ತೆಯ ಕಡೆ ತಿರುಗಿದಳು.

“ಅತ್ತಿ, ನೀವು?”

“ನಿನಗ ಒತ್ತೀನಿ.”

ದುಂಡೇಶನಿಗೆ ನಗು ಬಂದು ತುತ್ತು ನೆತ್ತಿಗೇರಿತು. “ಯವ್ವಾ, ಬಿದ್ದಿದ್ದ ಒಂದ. ಅದು ಇಕಿದು. ನಿಂದ ಎಲ್ಲಿ ಹೋತು? ಮಶಿನ್ ನುಂಗಿತೇನ?”

“ಇಕಿ ಗುರ್ತು, ಹೊಲಿಗಿ ಮಶಿನ್ ಚಿತ್ರ, ಗಾಜಿನ್ಯಾಗಿನ ಚೀಟಿ ಮ್ಯಾಲೆ ಬಂತೋ. ನನ್ನ ಕಣ್ಣಿಲೆ ನೋಡೀನಿ.”

“ಇಷ್ಟ ದಿನ ಬೈದು, ಈಗ ಸೊಸಿ ಮುಂದ ಛಲೋ ಆಗಾಕ ಹೊಂಟಿಯೇನ?”

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಕೂಲಿ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ದಾನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಡೆಗೆ ಸೊಸೆಯ ಮುಖದಲ್ಲಿ ಕಣ್ಣು ನೆಟ್ಟಳು.

“ನೀನರ ಹೇಳಬೇ. ನಾ ಸುಳ್ಳ ಹೇಳಾಕತ್ತೇನೇನ?”

ಶೇವಂತಿ ಬಗ್ಗಿ ಗಂಡನ ತಟ್ಟೆಗೆ ಪಲ್ಯ ಬಡಿಸಿದಳು.

“ಹೋಗ್ಲಿ ಬಿಡ್ರಿ ಅತ್ತಿ. ಹಾಕೀರಿ ಅಂತನ ತಿಳಕೋತೀನಿ.”

ಮುದುಕಿ ಗೋಡೆ ಹಿಡಿದು ಎದ್ದಳು, ಒಳಗೆ ಹೋಗಿ ಮಲಗಿದಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಸೊಸೆಯನ್ನು ಚುಚ್ಚುವುದನ್ನೂ ಬಿಟ್ಟಳು. ಬರಬರುತ್ತ ಮಾತಾಡುವುದನ್ನೇ ಕಡಿಮೆ ಮಾಡಿದಳು.

ಮನೆಯಲ್ಲಿ ಅದೊಂದು ಚೇಷ್ಟೆಯ ಮಾತಾಗಿ ಉಳಿಯಿತು. ಬ್ಯಾಳಿಗೆ ಉಪ್ಪು ಹಾಕೀನಿ ಎಂದು ದಾನಮ್ಮ ಅಂದರೆ ದುಂಡೇಶ ಅನ್ನುತ್ತಿದ್ದ: “ಹೌದೌದು, ಸೊಸಿಗೆ ವೋಟ ಹಾಕಿದಂಗ.” ಕೂಲಿಯವರು ನಗುತ್ತಿದ್ದರು. ಶೆಡ್ಡಿನಲ್ಲಿ ಮಗ್ಗಗಳು ಮೊದಲಿನಂತೆಯೇ ಓಡುತ್ತಿದ್ದವು. ಕಂಡಿಕೆ ಸುತ್ತುವವಳೊಬ್ಬಳಿಗೆ ಈಗ ದಿನ ತುಂಬಿತ್ತು. ಅವಳಿಗೆ ರಜೆ ಇರಲಿಲ್ಲ. ಶೇವಂತಿ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಅತ್ತೆಯ ಎದುರು ಕೂತು ಉಣ್ಣುವುದು ಅವಳಿಂದ ಆಗುತ್ತಿರಲಿಲ್ಲ.

ಅಂದು ಆ ಮರೆಯ ಹಿಂದೆ ಅವಳೂ ಸಾಹುಕಾರರಿಗೇ ಒತ್ತಿದ್ದಳು.