ಹುಲಿ ಚಿತ್ರದ ಡಬ್ಬಿ

ಹುಲುಗಪ್ಪ ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಏಕಾಂತಪ್ಪ ಅವನ ಮಣಿಕಟ್ಟು ಹಿಡಿದುಬಿಟ್ಟ.

"ನಿಲ್ಲಲೇ. ಅದರಾಗ ಏನೈತಿ ಅಂತ ಮೊದ್ಲು ನಾನು ನೋಡಬೇಕು."

ಕೊಟ್ಟೂರು ಬಸ್ ನಿಲ್ದಾಣದ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಏಕಾಂತಪ್ಪ ಕುರ್ಚಿ ಹಾಕಿ ಕಾವಲು ಕೂತು ಐದು ದಿನವಾಗಿತ್ತು. ತೊಂಬತ್ತಾರರ ಮಾತು. ಅವನ ಅಂಬಾಸಿಡರ್ ಹದಿನೆಂಟು ವರ್ಷ ದುಡಿದು ಬರೀ ಹೊಗೆ ಉಗುಳುತ್ತಿತ್ತು. ಮೆಕ್ಯಾನಿಕ್ ಹುಲುಗಪ್ಪ ಎಂಜಿನ್ ಪೂರ್ತಿ ಬಿಚ್ಚಿ, ಸಿಲಿಂಡರಿಗೆ ಬೋರು ಹೊಡೆಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಜೋಡಿಸಿದ್ದ. ಒಂದೊಂದು ಬೋಲ್ಟನ್ನೂ ಏಕಾಂತಪ್ಪ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದ. ಇನ್ನು ಉಳಿದದ್ದು ಎಣ್ಣೆ.

ಎಣ್ಣೆಯ ವಿಷಯದಲ್ಲಿ ಅವನನ್ನು ಯಾಮಾರಿಸುವವನು ಇನ್ನೂ ಹುಟ್ಟಿರಲಿಲ್ಲ. ಊರಿನ ಶೇಂಗಾ ಎಣ್ಣೆ ಮಿಲ್ಲು ಅವನದು. ಶೇಂಗಾ ಎಣ್ಣೆಗೆ ತಾಳೆ ಎಣ್ಣೆ ಎಷ್ಟು ಬೆರೆಸಿದರೆ ಗಿರಾಕಿಯ ನಾಲಗೆಗೆ ತಿಳಿಯುವುದಿಲ್ಲ ಎಂದು ಬಲ್ಲವನಿಗೆ ಕಂಡವರ ಡಬ್ಬಿಯ ಮೇಲೆಲ್ಲ ಅನುಮಾನ. ಆಳುಗಳ ಮೇಲಂತೂ ಇನ್ನೂ ಹೆಚ್ಚು. ಮಿಲ್ಲಿನಿಂದ ಹೊರಬೀಳುವ ಡಬ್ಬಿ ಯಾವುದೇ ಇರಲಿ, ಅದರ ತಳಕ್ಕೆ ಸುತ್ತಿಗೆಯಿಂದ ಮೊಳೆ ಬಡಿದು, ತೂತು ಬೀಳದಂತೆ ಮೂರು ಗುಳಿ ಮಾಡಿಸುತ್ತಿದ್ದ. ಹಿಂದೊಮ್ಮೆ ಹಮಾಲ ಯರ್ರೆಪ್ಪನ ಅಡುಗೆಮನೆಗೇ ನುಗ್ಗಿ, ಡಬ್ಬಿ ಬೋರಲು ಹಾಕಿ, ಗುಳಿ ತೋರಿಸಿ, ಓಣಿಯ ಮುಂದೆ ಕಪಾಳಕ್ಕೆ ಬಿಟ್ಟಿದ್ದ.

"ಮೂರು ಗುಳಿ ಇದ್ರ ಅದು ನಂದು. ಊರದೇವ್ರು ಕೊಟ್ರೇಶನಾ ಬಂದು ಅಲ್ಲ ಅಂದ್ರೂ ನಂದು" ಎಂದಿದ್ದ. ಕೆಲಸ ಕಳೆದುಕೊಂಡ ಯರ್ರೆಪ್ಪ ಈಗ ಬಸ್ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ.

ಹುಲುಗಪ್ಪ ತಂದಿಟ್ಟ ಎಣ್ಣೆಯನ್ನು ಏಕಾಂತಪ್ಪ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ. ಮೂಸಿದ. ಮುಖ ಸಿಂಡರಿಸಿದ.

"ಥೂ, ಸೀಮೆಣ್ಣಿ ನಾತ!"

"ಸಾವ್ಕಾರ್ರೆ, ಎಂಜಿನ್ ಎಣ್ಣಿ ಹಂಗಾ ಇರತೈತಿ. ಹೊಸ ರಿಂಗು ಸರಿಯಾಗಿ ಕೂರಾಕ ಸಾದಾ ಎಣ್ಣಿನಾ ಬೇಕು. ಐನೂರು ಕಿಲೋಮೀಟರ್ ಮೆಲ್ಲಕ ಓಡಿಸಿ, ಅದನ್ನ ಚೆಲ್ಲಿ, ಮತ್ತ ಹೊಸದು ಹಾಕೋಣ್ರಿ."

"ಚೆಲ್ಲಾದಾ? ನೀ ಚೆಲ್ಲಿದ್ದು ನಾಳಿ ಯಾರ ಗಾಡಿಗೆ ಹೋಗತೈತಿ ಅನ್ನೋದು ನನಗ ಗೊತ್ತಿಲ್ಲೇನಲೇ?"

ಅಷ್ಟರಲ್ಲಿ ಮಿಲ್ಲಿನ ಗುಮಾಸ್ತ ಓಬಣ್ಣ ಸೈಕಲ್ ತುಳಿಯುತ್ತಾ ಬಂದ.

"ಸಾಬೂನಿನವ್ರು ಬಂದಾರ್ರಿ, ತಳದ ಗಸಿ ಒಯ್ಯಾಕ. ಈ ಸಲಾನೂ ಐದು ಲೀಟರಿನ ಡಬ್ಬಿಯಾಗಾ ಬೇಕಂತ್ರಿ."

"ಕೊಟ್ಟು ಕಳಸು. ಒಯ್ದು ಏನರ ಮಾಡ್ಕಳ್ಳಿ, ನಮಗ್ಯಾಕ?" ಎಂದು ಏಕಾಂತಪ್ಪ ಎದ್ದ. ಎಣ್ಣೆಯನ್ನು ತಾನೇ ತರುತ್ತೇನೆಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೊರಟ.

ಅಂಗಡಿಯಲ್ಲಿ ನಾಲ್ಕು ಡಬ್ಬಿಗಳ ಸೀಲು ಒಡೆಸಿದ. ಒಂದು ಜಿಗುಟು. ಒಂದು ನೀರು. ಮೂರನೆಯದು ಸುಟ್ಟ ನಾತ. ನಾಲ್ಕನೆಯ ಐದು ಲೀಟರಿನ ಡಬ್ಬಿಯ ಮೇಲೆ ಹಾರುವ ಹುಲಿಯ ಚಿತ್ರವಿತ್ತು. ಅದನ್ನು ಮೂಸಿದವನಿಗೆ ಯಾಕೋ ಮನೆ ಸೇರಿದಷ್ಟು ನೆಮ್ಮದಿಯಾಯಿತು. ಮೂವತ್ತು ವರ್ಷ ಪಳಗಿದ ಮೂಗು, ಸುಳ್ಳು ಹೇಳುವುದುಂಟೆ?

"ಇದು ಬ್ಯಾಡ್ರಿ. ಈ ಕಂಪನಿ ಹೆಸರಾ ನಾ ಕೇಳಿಲ್ಲ" ಎಂದ ಹುಲುಗಪ್ಪ, ಶೆಡ್ಡಿಗೆ ಬಂದ ಡಬ್ಬಿಯನ್ನು ನೋಡಿ.

"ನಿನಗ ಕಮಿಷನ್ ಸಿಗಲಿಲ್ಲ ಅಂತ ಹೊಟ್ಟಿ ಉರೀತೈತಿ." ಪಕ್ಕದ ಚಹಾ ಅಂಗಡಿಯವರೆಲ್ಲ ಇಣುಕಿದರು. ಜನ ಸೇರಿದರೆ ಏಕಾಂತಪ್ಪನ ಗಂಟಲು ಇಮ್ಮಡಿಯಾಗುತ್ತಿತ್ತು. "ಎಲ್ಲಾರೂ ಕೇಳ್ರಿ! ಎಂಜಿನ್ ಹಿಡಕೊಂಡು ನಿಂತ್ರ ಅದು ಇವನ ಕೆಲಸದ ತಪ್ಪು. ಈ ಶೆಡ್ಡಿಗೆ ಬೀಗ ಜಡಿದು ಊರು ಬಿಡಬೇಕು!"

ಹನ್ನೆರಡು ವರ್ಷದಿಂದ ಹುಲುಗಪ್ಪನ ಮನೆಯ ಒಲೆ ಉರಿಯುತ್ತಿದ್ದುದು ಆ ಶೆಡ್ಡಿನಿಂದ. ಅವನು ಮೆಲ್ಲಗೆ ಕೇಳಿದ: "ಎಣ್ಣಿ ತಪ್ಪಾಗಿದ್ರ?"

"ಎಣ್ಣಿ ಮಾಡಿದವನ ಬಾಗಿಲಿಗೆ ನಾನಾ ನಿಂತು ಬೀಗ ಹಾಕ್ತೀನಿ. ಅವ ಯಾವನರ ಆಗಲಿ!"

ಎಂದವನೇ ಹುಲಿ ಡಬ್ಬಿಯನ್ನು ತನ್ನ ಕೈಯಾರೆ ಎಂಜಿನ್ನಿಗೆ ಸುರಿದ. ಖಾಲಿ ಡಬ್ಬಿಯನ್ನು ಶೆಡ್ಡಿನ ಮೂಲೆಗೆ ಎಸೆದ.

ಮೂರನೆಯ ದಿನ ಹೆಂಡತಿ ಕೊಟ್ರಮ್ಮನನ್ನು ಕೂರಿಸಿಕೊಂಡು ಉಚ್ಚಂಗಿದುರ್ಗಕ್ಕೆ ಹೊರಟ. ವೇಗ ನಲವತ್ತು ದಾಟಬಾರದು ಎಂದಿದ್ದ ಹುಲುಗಪ್ಪ. ಅದೊಂದು ಮಾತನ್ನು ಏಕಾಂತಪ್ಪ ಪಾಲಿಸಿದ. ಕುರಿ ತುಂಬಿದ ಟೆಂಪೋ ಕೂಡ ಹಾರ್ನ್ ಹೊಡೆದು ಮುಂದೆ ಹೋಯಿತು.

ಹರಪನಹಳ್ಳಿ ದಾಟಿದ ಮೇಲೆ ಕೊಟ್ರಮ್ಮ ಮೂಗರಳಿಸಿದಳು. "ರೀ, ಮಿರ್ಚಿ ಕರಿಯೋ ವಾಸನಿ ಬರಾಕತ್ತೈತಿ."

"ಇಲ್ಲೇ ಎಲ್ಲೋ ಅಂಗಡಿ ಐತಿ. ಬರೋವಾಗ ತಿನ್ನೋಣ."

"ಸುತ್ತಾ ಬರೀ ಹೊಲ ಅದಾವಲ್ರಿ."

ಅವಳ ಮಾತು ಮುಗಿಯುವ ಮುನ್ನ ಬಾನೆಟ್ಟಿನ ಕೆಳಗೆ ಏನೋ ಕಿರ್ರೆಂದು ಕಿರುಚಿತು. ಕಾರು ನಿಂತುಬಿಟ್ಟಿತು.

ಸಂಜೆ ಟ್ರ್ಯಾಕ್ಟರ್ ಕಾರನ್ನು ಎಳೆದು ತಂದಾಗ ಶೆಡ್ಡಿನ ಮುಂದೆ ಅರ್ಧ ಊರು ನೆರೆದಿತ್ತು. ಏಕಾಂತಪ್ಪನ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಹಿತ್ತಾಳೆ ಬೀಗ.

"ಹೊರಗ ಬಾರಲೇ ಹುಲುಗಪ್ಪ!"

ಹುಲುಗಪ್ಪ ಕಾರಿನಡಿ ತೂರಿ ಎಣ್ಣೆಯ ಬಿರಡೆ ಬಿಚ್ಚಿದ. ಬೆಲ್ಲದ ಪಾಕದಂಥ ಅಂಟು ನೂಲುನೂಲಾಗಿ ಇಳಿಯಿತು. ಬೆರಳಿಗೆ ಹಚ್ಚಿ ಗುಂಪಿನ ಮೂಗಿಗೆ ಹಿಡಿದ. ಮೂಸಿದವರೆಲ್ಲ ಹೌದೆಂದು ತಲೆಯಾಡಿಸಿದರು. ಇದು ಎಂಜಿನ್ ಎಣ್ಣೆಯಲ್ಲ, ಬಣ್ಣ ಬಳಿದುಕೊಂಡ ಅಡುಗೆ ಎಣ್ಣೆ.

ಏಕಾಂತಪ್ಪನ ಸಿಟ್ಟು ಒಂದೇ ಕ್ಷಣದಲ್ಲಿ ದಿಕ್ಕು ಬದಲಿಸಿತು. "ಕಲಬೆರಕಿ! ನನಗಾ ಕಲಬೆರಕಿ! ಆ ಕಳ್ಳ ಯಾವನು ಅಂತ ಹೇಳ್ರಿ, ಈ ಬೀಗ ಈಗ್ಲೇ ಅವನ ಬಾಗಿಲಿಗೆ! ಕೊಟ್ಟ ಮಾತಿಗೆ ತಪ್ಪೋ ಮಗ ಅಲ್ಲ ನಾನು!"

ಗುಂಪಿನಿಂದ ಯರ್ರೆಪ್ಪ ಮುಂದೆ ಬಂದ. ಮೂಲೆಯಲ್ಲಿ ಬಿದ್ದಿದ್ದ ಹುಲಿ ಡಬ್ಬಿಯನ್ನು ಎತ್ತಿ, ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸಿ, ಸಾವ್ಕಾರನ ಕಣ್ಣೆದುರು ಬೋರಲು ಹಿಡಿದ.

ತಳದಲ್ಲಿ ಮೂರು ಗುಳಿಗಳಿದ್ದವು.