ಯಗಚಿ ಸೇರುವ ಊರು

ಮಗಳು ನಕಾಶೆಯಲ್ಲಿ ಹೇಮಾವತಿಗೆ ನೀಲಿ ಬಣ್ಣ ತುಂಬುತ್ತಿದ್ದಾಳೆ. ಅವಳು ಚೂಪು ಮಾಡಿದ ಪೆನ್ಸಿಲ್ಲಿನ ಮರದ ವಾಸನೆಗೆ ಬೇಲೂರಿನ ಆ ಮಧ್ಯಾಹ್ನ ಎದ್ದು ಬಂದಿದೆ.

ನಾನಾಗ ಆರನೇ ಕ್ಲಾಸು. ಅವ್ವ ತೀರಿಕೊಂಡ ಮೂರನೇ ದಿನ ಅಪ್ಪ ಗೆಂಡೆಹಳ್ಳಿಯಿಂದ ಅವಳ ಬೂದಿಯ ಕುಡಿಕೆ ಹಿಡಿದು ಬೇಲೂರಿನ ಯಗಚಿ ಹೊಳೆಗೆ ಬಂದರು. ಹೆಣ್ಣುಮಕ್ಕಳು ಹೋಗಬಾರದೆಂದು ಅಜ್ಜಿ ತಡೆದರೂ ಕೇಳದೆ ನನ್ನನ್ನೂ ಕರೆತಂದಿದ್ದರು.

ಅವ್ವನ ತವರು ಸಕಲೇಶಪುರದ ಹತ್ತಿರ, ಹೇಮಾವತಿಯ ದಡದಲ್ಲಿ. ಕಾಯಿಲೆ ಬಿದ್ದಾಗಿನಿಂದ ಒಂದು ಸಲ ಅಲ್ಲಿಗೆ ಕಳಿಸಿ ಎನ್ನುತ್ತಿದ್ದಳು. ರಾಗಿ ಕೊಯ್ಲು ಮುಗೀಲಿ ಎನ್ನುತ್ತಿದ್ದರು ಅಪ್ಪ.

ಅಪ್ಪ ಮೊಣಕಾಲುದ್ದ ನೀರಿಗಿಳಿದು ಬೂದಿ ಬಿಟ್ಟರು. ಆಮೇಲೆ ಜೇಬಿನಿಂದ ಹಸಿರು ಬಳೆಗಳನ್ನು ತೆಗೆದು ಒಂದೊಂದಾಗಿ ನೀರಿಗೆ ಹಾಕತೊಡಗಿದರು.

“ತವರಿಗೆ ಬರಿಗೈಲಿ ಹೋಗ್ಬಾರ್ದು ಕಣವ್ವ. ಈ ಹೊಳೆ ಹೋಗಿ ಸೇರೋದು ಹೇಮಾವತಿಗೇ. ಇನ್ನು ನಿಮ್ಮವ್ವ ಊರು ಸೇರ್ಕಂತಾಳೆ.”

ಹಿಂದಿನ ವಾರವಷ್ಟೇ ಶಾಲೆಯಲ್ಲಿ ನಾನೂ ಆ ನದಿಗಳಿಗೆ ನೀಲಿ ತುಂಬಿದ್ದೆ.

“ಇಲ್ಲಪ್ಪ, ಯಗಚಿ ಹೇಮಾವತಿಗೆ ಸೇರೋದು ಗೊರೂರಿನ ಹತ್ರ. ಸಕಲೇಶಪುರ ಅದಕ್ಕಿಂತ ಮೇಲೈತೆ. ನೀರು ಮೇಲಕ್ಕೆ ಹೋಗಲ್ಲ.”

ಅಪ್ಪನ ಕೈಯಲ್ಲಿ ಒಂದು ಬಳೆ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಕೇಳಿದರು, “ಹಂಗಾದ್ರೆ ಎಲ್ಲಿಗೆ ಹೋಯ್ತಾಳೆ?”

ಪಾಠ ನನಗೆ ಬಾಯಿಪಾಠವಾಗಿತ್ತು. ಗೊರೂರು, ಕನ್ನಂಬಾಡಿ, ಕಾವೇರಿ, ಸಮುದ್ರ ಎಂದು ಒಂದೂ ಬಿಡದೆ, ಕೈಕಟ್ಟಿ ನಿಂತು ಒಪ್ಪಿಸಿದೆ.